ಸರ್ವಮಂಗಳಾ ಮೇಡಂ ಕೇಳಿದ ಐದು ಪ್ರಶ್ನೆ

ಸರ್ವಮಂಗಳಾ ಮೇಡಂಗೆ ತಮ್ಮ ಕನ್ನಡದ ಮೇಲೆ ಎಷ್ಟು ಭರವಸೆಯೋ ತಮ್ಮ ಉಪಚಾರದ ಮೇಲೂ ಅಷ್ಟೇ. ಜಯನಗರದ ಹೈಸ್ಕೂಲೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು, 2007ರಲ್ಲಿ ಜೆ.ಪಿ. ನಗರದ ನಮ್ಮ ಕ್ಲಿನಿಕ್ಕಿಗೆ ಬಂದರು. ಆಸ್ತಮಾ ಎಷ್ಟು ಹತೋಟಿಯಲ್ಲಿದೆ ಎಂದು ರೋಗಿಯನ್ನೇ ಕೇಳುವ ಐದು ಇಂಗ್ಲಿಷ್ ಪ್ರಶ್ನೆಗಳನ್ನು ನಮ್ಮ ಡಾಕ್ಟರ್ ಜಯಸಿಂಹ ಅವರು ಈ ಮೇಡಂ ಕೈಯಿಂದಲೇ ಕನ್ನಡಕ್ಕೆ ಮಾಡಿಸಿದ್ದರು. ಕನ್ನಡದಲ್ಲೂ ಅವು ನಿಜ ಹೇಳಿಸುತ್ತವೆಯೇ ಎಂದು ಈಗ ಪರೀಕ್ಷಿಸಬೇಕಿತ್ತು. ಮೇಡಂ ಓದಿ ಉತ್ತರ ಗುರುತು ಹಾಕಬೇಕು, ನಾನು ಮೆಷಿನ್ನಿನಲ್ಲಿ ಊದಿಸಿ ಉಸಿರಿನ ಬಲ ಅಳೆಯಬೇಕು. ಎರಡೂ ತಾಳೆಯಾದರೆ ಪ್ರಶ್ನೆಗಳು ಪಾಸು.

ಬಂದವರನ್ನು ನಿಲ್ಲಿಸಿ ಮಾತಾಡಿಸುವವರ ಪೈಕಿ ಮೇಡಂ ಅಲ್ಲ. ಗಂಡ, ಅತ್ತೆ, ಮಗಳು, ರೋಗಿಯ ಜೊತೆ ಯಾರು ಬಂದರೂ ಪಕ್ಕದಲ್ಲೇ ಕುರ್ಚಿ, ಕುಡಿಯಲು ನೀರು. ನನಗಂತೂ ಮೈ ಉರಿಯುತ್ತಿತ್ತು. ಆ ರೂಮಿನಲ್ಲಿ ನನ್ನ ಮೆಷಿನ್ನಿಗೇ ಜಾಗವಿರಲಿಲ್ಲ.

ಒಂದು ದಿನ ಬಿಟಿಎಂ ಲೇಔಟಿನಿಂದ ದಾನಮ್ಮ ಬಂದಳು, ಗಂಡ ಚನ್ನವೀರನೊಂದಿಗೆ. ಗದಗದ ಕಡೆಯವರು. ಅವನಿಗೆ ಯಾವುದೋ ಆಫೀಸಿನಲ್ಲಿ ರಾತ್ರಿ ಪಾಳಿಯ ಸೆಕ್ಯೂರಿಟಿ ಕೆಲಸ. ಪ್ರಶ್ನೆ ಯಾವುದಾದರೂ ದಾನಮ್ಮ ಪಕ್ಕಕ್ಕೆ ಗಂಡನ ಮುಖ ನೋಡಿ, "ಏನೂ ತ್ರಾಸಿಲ್ರೀ, ಆರಾಮ ಅದೀನಿ" ಎಂದಳು. ಪೂರ್ತಿ ಅಂಕ ಬಂತು. ನನ್ನ ಮೆಷಿನ್ನಿನಲ್ಲಿ ಮಾತ್ರ ಅರ್ಧ ಬಲವೂ ಬರಲಿಲ್ಲ.

"ಸರಿಯಾಗಿ ಊದಿಲ್ಲ ಅನ್ಸುತ್ತೆ. ಆರಾಮಾಗಿದಾರಲ್ಲ, ಔಷಧಿ ಕಡಿಮೆ ಮಾಡೋಣ" ಎಂದರು ಡಾಕ್ಟರು.

"ನಾಕು ಸಲ ಊದ್ಸಿದೀನಿ ಸಾರ್," ಎಂದೆ. ನನ್ನ ಮೆಷಿನ್ನಿಗೆ ಯಾರಾದರೂ ಏನಾದರೂ ಅಂದರೆ ನನಗೆ ತಡೆಯುವುದಿಲ್ಲ. ಔಷಧಿ ಕಡಿಮೆಯಾದರೆ ಈಕೆಯ ಗತಿಯೇನು ಎಂದು ಭಯವೂ ಆಯಿತು.

ಮೇಡಂ ಚನ್ನವೀರ ಕುಡಿದಿಟ್ಟಿದ್ದ ಖಾಲಿ ನೀರಿನ ಲೋಟವನ್ನು ನೋಡುತ್ತ ಕೂತಿದ್ದವರು, "ಸ್ವಲ್ಪ ತಡೀರಿ ಡಾಕ್ಟ್ರೇ. ನನ್ನ ಪ್ರಶ್ನೆ ಸರಿಯಾಗೇ ಇದೆ. ಯಜಮಾನ್ರನ್ನ ಪಕ್ಕದಲ್ಲಿ ಕೂರ್ಸಿದ್ದು ತಪ್ಪು" ಎಂದರು. ಚನ್ನವೀರನನ್ನು ಹೊರಗೆ ಕಳಿಸಿ, ಮತ್ತೆ ಮೊದಲಿನಿಂದ ಓದಿದರು.

ಈ ಸಲ ಅಂಕ ಇಳಿಯುತ್ತಾ ಹೋಯಿತು. ನೀರು ಹಿಡಿಯಲು ಕೊಡ ಎತ್ತುವಷ್ಟೂ ಉಸಿರಿಲ್ಲ. ಆದರೆ ಉಬ್ಬಸದಿಂದ ಎಷ್ಟು ರಾತ್ರಿ ಎಚ್ಚರವಾಯಿತು ಎಂದರೆ, "ಒಂದ ದಿನಾನೂ ಇಲ್ರೀ" ಎಂದಳು.

"ಚೆನ್ನಾಗಿ ನಿದ್ದೆ ಬರುತ್ತಾ?"

"ಎಚ್ಚರಾಗಬೇಕಂದ್ರ ಮಲಗಬೇಕಲ್ರೀ. ಮಲಗಿದ್ರ ಉಸುರ ಕಟ್ಟತೈತಿ. ರಾತ್ರಿಪೂರಾ ಗ್ವಾಡಿಗೆ ಬೆನ್ನ ಹಚ್ಚಿ ಕುಂತ ಇರ್ತೀನಿ."

ಮೇಡಂ ಕನ್ನಡಕ ತೆಗೆದರು. ತಮ್ಮ ಪ್ರಶ್ನೆಯ ಬಗ್ಗೆ ಅಷ್ಟು ಜಂಬ ಪಟ್ಟವರು, ಜಂಬ ಬಿಡುವುದರಲ್ಲೂ ಹಿಂದೆ ಬೀಳಲಿಲ್ಲ. "ಹಾಗಿದ್ರೆ ಇದನ್ನೂ ತಿದ್ದಬೇಕು. ಜೊತೆಯವರ ಮುಂದೆ ಬರೆದಿದ್ದನ್ನೆಲ್ಲ ರದ್ದು ಮಾಡಿ, ಡಾಕ್ಟ್ರೇ. ಎಲ್ಲಾ ರೋಗಿಗಳ್ನೂ ಇನ್ನೊಂದ್ಸಲ ಕೇಳ್ತೀನಿ." ಡಾಕ್ಟರು ನಿಟ್ಟುಸಿರಿಟ್ಟು ಒಪ್ಪಿದರು, ಔಷಧಿ ಹೆಚ್ಚಿಸಿ ಬರೆದರು.

"ಯಜಮಾನ್ರಿಗೆ ಯಾಕೆ ಹೇಳಿಲ್ಲಮ್ಮ?" ಎಂದು ಮೇಡಂ ಕೇಳಿದರು.

"ಆರಾಮಿಲ್ಲಂದ್ರ ಊರಿಗೆ ಕಳಸ್ತಾರ್ರೀ. ಇಲ್ಲೇ ಇರಬೇಕಂತ ನನಗ."

"ನಾನು ಹೇಳ್ಲಾ?"

ದಾನಮ್ಮ ಹೂಂ ಎಂದು ತಲೆಯಾಡಿಸಿದಳು. ಮೇಡಂ ಒಳಗೆ ಕರೆದು ಹೇಳಿದ್ದನ್ನೆಲ್ಲ ಚನ್ನವೀರ ಕೇಳಿಸಿಕೊಂಡ. ಊರಿನ ಮಾತನ್ನು ಅವನು ಎತ್ತಲೇ ಇಲ್ಲ.

"ನಾ ಡ್ಯೂಟಿಗೆ ಹೋದ ಮ್ಯಾಲ," ಎಂದ ಹೆಂಡತಿಗೆ, "ದಿನಾ ಒಬ್ಬಾಕೀನ ಹಂಗ ಕುಂತಿರ್ತಿದ್ಯಾ?"