ಜರ್ಮನಿಯ ಸಂದರ್ಶನಕ್ಕೆ ಕಮಲಾಪುರದ ಬಾಳೆಹಣ್ಣು

ಗೆಳೆಯರೇ, ನನ್ನ ನಗು ಇನ್ನೂ ನಿಂತಿಲ್ಲ. ಕಲಬುರಗಿಯಲ್ಲಿ ನರ್ಸ್ ಆಗಿರುವ ನಾನು ಹೆಚ್ಚಿನ ಪಗಾರದ ಆಸೆಗೆ ಜರ್ಮನ್ ಕಲಿತದ್ದು ಗೊತ್ತಲ್ಲ, ಇವತ್ತು ಜರ್ಮನಿಯ ಆಸ್ಪತ್ರೆಯೊಂದರ ಆನ್‌ಲೈನ್ ಸಂದರ್ಶನ. ಸ್ಟೇಶನ್ ಬಜಾರದ ರೂಮಿನಲ್ಲಿ ಬರೀ ಗದ್ದಲವೆಂದು ಕಮಲಾಪುರದ ಸೋದರತ್ತೆಯ ಮನೆಗೆ ಬಂದು ಕೂತಿದ್ದೆ. ಹೆದರಿಕೆಗೆ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಅತ್ತೆ ಕರೆದಾಗಲೆಲ್ಲ "ಒಲ್ಲೆ ಅತ್ತಿ" ಎನ್ನುತ್ತಿದ್ದೆ.

ಪರದೆಯ ಮೇಲಿನ ಮೇಡಂ ಜರ್ಮನ್‌ನಲ್ಲಿ ಕೇಳಿದರು: "ಊಟ ಬೇಡವೆಂದು ಹಟ ಹಿಡಿದ ಅಜ್ಜಿಗೆ ಹೇಗೆ ತಿನ್ನಿಸುತ್ತೀರಿ?"

ಬಾಯಿಪಾಠ ಮಾಡಿದ ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ಸುಲಿದ ಕೆಂಪು ಬಾಳೆಹಣ್ಣನ್ನು ನನ್ನ ಬಾಯೊಳಗೆ ತುರುಕಿದಳು. "ಹಸ್ದ ಹೊಟ್ಟಿಲೆ ಯಾವ ಭಾಷಾ ಬರ್ತದ ಯವ್ವಾ? ಮೊದಲ ಇದು ತಿನ್ನು."

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಉತ್ತರ ಸಿಕ್ಕಿತು. ಅವರೂ ನಿಮ್ಮ ಜೊತೆ ಬರುತ್ತಾರಾ?" ಎಂದರು. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದ್ದೇ ನನ್ನ ತಪ್ಪು.

ಸಂದರ್ಶನದ ಕೊನೆಗೆ ಅಲ್ಲೇ ಆಯ್ಕೆಯಾದವಳು ನಾನು. ಅತ್ತೆ ಮಾತ್ರ ಓಣಿ ತುಂಬ ಹೇಳಿಕೊಂಡು ಬರುತ್ತಿದ್ದಾಳೆ: "ಜರ್ಮನಿದವ್ರು ನನಗ ಕರದಾರ. ನಾ ಒಲ್ಲೆ ಅಂದೆ. ಅದಕ್ಕ ಅಣ್ಣನ ಮಗಳಿಗಿ ಕಳಸಾಕತ್ತೀನಿ."