ಇಲ್ಲ ಎನ್ನದ ಪಾಂಡಾ

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಉಧ್ನಾದ ಜನಾರ್ದನರ ಹೋಟೆಲಿನಲ್ಲಿ ಎರಡು ಗಂಟೆ ಬಿಡುವು. ಈಚೆಗೆ ಆ ಹೊತ್ತಿನಲ್ಲೂ ಅವರು ಕೂರುವುದಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾರೆ.

ನಾಲ್ಕು ವರ್ಷದ ಮಗಳು ಮನಸ್ವಿನಿಯ ಶಾಲೆಯವರು ಕರೆದು ಹೇಳಿದ್ದರು: ಹುಡುಗಿ ಚುರುಕು, ಮಾತೂ ಚೆನ್ನಾಗಿದೆ, ಆದರೆ ತಾನು ಹೇಳಿದಂತೆ ನಡೆಯದಿದ್ದರೆ ಆಟ ಬಿಟ್ಟು ಎದ್ದು ಹೋಗುತ್ತಾಳೆ. ಒಬ್ಬ ಗೆಳತಿಯೂ ಇಲ್ಲ. ದೀಪಾವಳಿ ರಜೆಯೊಳಗೆ ಸರಿಹೋಗದಿದ್ದರೆ ಈ ವರ್ಷ ಮನೆಯಲ್ಲೇ ಇಟ್ಟುಕೊಳ್ಳಿ.

ಗಂಡ ಹೆಂಡತಿ ಇಬ್ಬರೂ ಹೋಟೆಲಿನಲ್ಲೇ ಇರುವುದರಿಂದ, ಮಗುವಿಗೆ ಜೊತೆಯಾಗಲಿ ಎಂದು ಹೋದ ವರ್ಷ ಒಂದು ಪಾಂಡಾ ಗೊಂಬೆ ತಂದಿದ್ದರು. ಒಳಗೆ ಕೃತಕ ಬುದ್ಧಿಮತ್ತೆ. ಮಗುವಿನೊಡನೆ ಮಾತಾಡುತ್ತದೆ, ಆಡುತ್ತದೆ. ಶಾಲೆಯವರ ಮಾತು ಕೇಳಿ ಬಂದ ದಿನ ಜನಾರ್ದನ ಮೊದಲ ಸಲ ಅದರ ಮಾತಿಗೆ ಕಿವಿಗೊಟ್ಟರು. ಮಗಳು ಆಟದ ನಿಯಮವನ್ನು ಮೂರು ಸಲ ಬದಲಿಸಿದಳು. ಮೂರು ಸಲವೂ ಪಾಂಡಾ ಒಪ್ಪಿತು, ಹೊಗಳಿತು.

"ಇದು ನಮ್ಮ ಸಪ್ಲೈಯರ್‌ಗಳ ಮಾತು ಮಾರಾಯ್ತಿ," ಎಂದರು ಹೆಂಡತಿ ರುಕ್ಮಿಣಿಗೆ. "ಗಿರಾಕಿಗೆ ಇಲ್ಲ ಅನ್ಬೇಡಿ ಅಂತ ನಾನೇ ಕಲಿಸ್ತೇನಲ್ಲ, ಅದೇ. ನಮ್ಮ ಮಗಳು ದಿನವಿಡೀ ಗಿರಾಕಿ."

"ನೀವೆಂತ ಕಮ್ಮಿಯಾ? ಅವಳಿಗೆ ಇಲ್ಲ ಅಂದದ್ದು ಯಾವತ್ತು?"

ಮರುದಿನ ಪಾಂಡಾ ಕಪಾಟು ಸೇರಿತು. ದೋಸೆ ಮಾಡುವ ತಿಮ್ಮಪ್ಪನ ಐದು ವರ್ಷದ ಮಗಳು ಅಪೂರ್ವಾ ಬಿಡುವಿನ ಹೊತ್ತಿನಲ್ಲಿ ಹೋಟೆಲಿಗೆ ಆಡಲು ಬಂದಳು. ಇಬ್ಬರೂ ನೆಲದ ಮೇಲೆ ಸ್ಟೀಲ್ ಲೋಟಗಳಿಂದ ಗೋಪುರ ಕಟ್ಟತೊಡಗಿದರು.

"ಈಗ್ಲೂ ನಂದೇ ಚಾನ್ಸ್," ಎಂದಳು ಮನಸ್ವಿನಿ.

"ನಿಂದು ಆಯ್ತಲ್ಲ. ಈಗ ನಂದು."

"ನಾನು ಹೇಳಿದೆ ಅಲ್ವಾ?"

"ಹೇಳಿದ್ರೆ ಎಂತ? ನೀನು ಟೀಚರಾ?"

ಮನಸ್ವಿನಿ ಎದ್ದು ಅಪ್ಪನ ಬಳಿ ಬಂದಳು. "ಪಪ್ಪಾ, ಇವಳು ಸರಿ ಇಲ್ಲ. ಚೇಂಜ್ ಮಾಡು. ಪಾಂಡಾ ಕೊಡು."

"ಕೊಡುದಿಲ್ಲ."

ಅವಳು ಇನ್ನೊಂದು ಉತ್ತರಕ್ಕಾಗಿ ಕಾದಳು. ಬರಲಿಲ್ಲ. ನೆಲದ ಮೇಲೆ ಬಿದ್ದು ಅಳತೊಡಗಿದಳು.

"ಅಣ್ಣ, ನನ್ನವಳನ್ನ ಕರ್ಕೊಂಡು ಹೋಗ್ಲಾ?" ಅಡುಗೆಮನೆಯ ಬಾಗಿಲಿನಿಂದ ತಿಮ್ಮಪ್ಪ ಕೇಳಿದ.

"ಬೇಡ. ಇರ್ಲಿ."

ಜನಾರ್ದನರ ಕೈ ಎರಡು ಸಲ ಜೇಬಿನಲ್ಲಿದ್ದ ಕಪಾಟಿನ ಕೀಲಿಗೆ ಹೋಯಿತು. ಬಾಗಿಲ ತನಕ ಹೋಗಿ ಬಂದರು. ಇಪ್ಪತ್ತು ನಿಮಿಷಕ್ಕೆ ಅಳು ಬಿಕ್ಕಳಿಕೆಗೆ ಇಳಿಯಿತು. ಅಷ್ಟರಲ್ಲಿ ಅಪೂರ್ವಾಳ ಗೋಪುರದ ತುದಿಯ ಲೋಟಗಳು ಬಿದ್ದವು. ಒಂದು ಲೋಟ ಉರುಳಿ ಮನಸ್ವಿನಿಯ ಕಾಲ ಬಳಿ ನಿಂತಿತು.

"ಕೊಡು," ಎಂದಳು ಅಪೂರ್ವಾ.

"ನಾನೇ ಇಡ್ತೇನೆ."

"ಮೇಲೆ ಇಡ್ಬೇಡ, ಬೀಳ್ತದೆ."

ಮನಸ್ವಿನಿ ಮೇಲೆಯೇ ಇಟ್ಟಳು. ಎಲ್ಲ ಬಿತ್ತು.

"ಹೇಳಿದ್ದು ಕೇಳ್ಲಿಕ್ಕೆ ಆಗುದಿಲ್ವಾ, ಪೆದ್ದಿ," ಎಂದು ಅಪೂರ್ವಾ ಗದರಿದಳು.

ಮಗಳ ತುಟಿ ನಡುಗುವುದನ್ನು ಜನಾರ್ದನ ನೋಡಿದರು. ಅವಳು ಅಪ್ಪನ ಕಡೆ ತಿರುಗಲಿಲ್ಲ. ಚದುರಿದ ಲೋಟಗಳನ್ನು ಒಂದೊಂದಾಗಿ ಅಪೂರ್ವಾಳ ಕಡೆ ತಳ್ಳತೊಡಗಿದಳು.