ಹುಲಿಗೆಮ್ಮನನ್ನು ಬಿಟ್ಟುಕೊಡದ ಜವರಮ್ಮ ಟೀಚರ್

ಅಜ್ಜಂಪುರದ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡ ಶುರುವಾದ ಹೊಸದರಲ್ಲಿ ಯಾರನ್ನೂ ಗೆದ್ದದ್ದಿಲ್ಲ. ಬೀರೂರಿನವರ ಕೈಲಿ ಸೋತರು, ಕಡೂರಿನವರ ಕೈಲಿ ಸೋತರು, ತರೀಕೆರೆಯವರ ಕೈಲಂತೂ ಒಮ್ಮೆ ಒಂದೇ ಒಂದು ಬಾಲನ್ನೂ ರಿಂಗಿಗೆ ಹಾಕಲಾಗದೆ ಸೋತರು. ಆದರೂ ಭಾನುವಾರ ಬೆಳಗಾದರೆ ಜವರಮ್ಮ ಟೀಚರ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊರಳಿಗೆ ಸೀಟಿ ಹಾಕಿಕೊಂಡು ಹೈಸ್ಕೂಲು ಮೈದಾನಕ್ಕೆ ಬಂದೇ ಬರುತ್ತಿದ್ದರು. ಸೋತ ವಾರ ಅವರ ನಡಿಗೆ ಇನ್ನಷ್ಟು ಬಿರುಸಾಗಿರುತ್ತಿತ್ತು ಎಂದು ನಮ್ಮೂರಿನವರು ಈಗಲೂ ಹೇಳುತ್ತಾರೆ.

ಜವರಮ್ಮ ಅಜ್ಜಂಪುರದ ಕೇರಿಯಲ್ಲೇ ಹುಟ್ಟಿ ಬೆಳೆದವರು. ತಂದೆ ಗಿರಿಯಪ್ಪ ರೈಲ್ವೆ ಗ್ಯಾಂಗಿನಲ್ಲಿ ಹಳಿ ಕೆಲಸ ಮಾಡುತ್ತಿದ್ದರು. ಮಗಳು ಹೈಸ್ಕೂಲು ಮುಗಿಸುವ ಹೊತ್ತಿಗೆ ತಂದೆಯ ತಲೆಯನ್ನು ಮೀರಿ ಬೆಳೆದಿದ್ದಳು. ಓರಗೆಯವರು ‘ಸಿಗ್ನಲ್ ಕಂಬ’ ಎಂದು ಕರೆಯುತ್ತಿದ್ದರು. ತಾಯಿ ಚಿಕ್ಕಮ್ಮನಿಗೆ ಅದೇ ಕೊರಗು. ಈ ಎತ್ತರಕ್ಕೆ ತಕ್ಕ ಗಂಡನ್ನು ಎಲ್ಲಿಂದ ಹುಡುಕಿ ತರುವುದು? ಗಿರಿಯಪ್ಪ ಮಾತ್ರ, “ಓದ್ಲಿ ಬಿಡು, ಆಮ್ಯಾಲೆ ನೋಡಾನ” ಎಂದು ಮಗಳನ್ನು ಬೆಂಗಳೂರಿಗೆ, ವ್ಯಾಯಾಮ ಶಿಕ್ಷಕರ ತರಬೇತಿಗೆ ಕಳಿಸಿದರು. ಅಲ್ಲಿ ಮೊದಲ ದಿನವೇ ಯಾರೋ ಜವರಮ್ಮನ ಕೈಗೆ ಬ್ಯಾಸ್ಕೆಟ್‌ಬಾಲ್ ಕೊಟ್ಟು ರಿಂಗಿನ ಕೆಳಗೆ ನಿಲ್ಲಿಸಿದರು. ಎತ್ತರ ಕಾಣದಿರಲೆಂದು ಬೆನ್ನು ಬಾಗಿಸಿ ನಡೆಯುವ ಅಭ್ಯಾಸ ಅಂದಿಗೆ ಬಿಟ್ಟುಹೋಯಿತು.

ಊರಿಗೆ ಡ್ರಿಲ್ ಟೀಚರ್ ಆಗಿ ಬಂದದ್ದು ಎಪ್ಪತ್ತೆರಡರಲ್ಲಿ. ಕಮ್ಮಾರರಿಂದ ಕಬ್ಬಿಣದ ಸರಳನ್ನು ಬಗ್ಗಿಸಿ ರಿಂಗು ಮಾಡಿಸಿದರು. ಮೈದಾನದ ಕಲ್ಲುಗಳನ್ನು ಹುಡುಗಿಯರ ಜೊತೆ ತಾವೇ ಆರಿಸಿ ಹಾಕಿದರು. ಅಷ್ಟರಲ್ಲಿ ಮದುವೆಯೂ ಆಯಿತು. ಗಂಡ ರಂಗಪ್ಪ ಅಂಚೆ ಕಚೇರಿಯಲ್ಲಿದ್ದವರು. ಹೆಂಡತಿಗಿಂತ ಒಂದು ಗೇಣು ಕುಳ್ಳು. ಪಂದ್ಯವಿದ್ದ ದಿನ ನೀರಿನ ಕೊಡ ಹೊತ್ತು ತರುತ್ತಿದ್ದವರು ಅವರೇ.

ಎಪ್ಪತ್ತೈದರ ಹೊತ್ತಿಗೆ ಅಜ್ಜಂಪುರ, ಬೀರೂರು, ಕಡೂರು, ತರೀಕೆರೆ ಈ ನಾಲ್ಕು ಊರುಗಳಲ್ಲೂ ಹೆಣ್ಣುಮಕ್ಕಳ ತಂಡಗಳಾದವು. ಆದರೆ ಆಡುವವರೇ ಕಡಿಮೆ. ಯಗಟಿಯಂಥ ಊರುಗಳಲ್ಲಿ ತಂಡವಿಲ್ಲ, ಆದರೆ ಚುರುಕಾದ ಹುಡುಗಿಯರಿದ್ದಾರೆ. ಅವರನ್ನು ಯಾವ ತಂಡ ಸೇರಿಸಿಕೊಳ್ಳಬೇಕು ಎಂಬುದಕ್ಕೆ ಮೊದಲ ವರ್ಷವೇ ಜಗಳವಾಯಿತು. ಕೊನೆಗೆ ನಾಲ್ಕೂ ಊರಿನವರು ಕೂತು ಒಂದು ಕಟ್ಟಳೆ ಮಾಡಿಕೊಂಡರು. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ, ಆಡಲು ಒಪ್ಪಿದ ಹಳ್ಳಿ ಹುಡುಗಿಯರನ್ನು ತಂಡಗಳು ಸರದಿಯಂತೆ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳಬೇಕು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಆಯ್ಕೆ. ಆ ಸರದಿಯನ್ನು ಬೇಕಾದರೆ ಬೇರೆ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಅವರ ಆಟಗಾರ್ತಿಯನ್ನು ಪಡೆಯಬಹುದು.

ಹೀಗಾಗಿ ಮೂರು ವರ್ಷ ಮೊದಲ ಆಯ್ಕೆ ಅಜ್ಜಂಪುರದ್ದೇ. ಮೊದಲನೆಯವಳು ಗೌರಿ ಹಬ್ಬಕ್ಕೆ ಮುಂಚೆ ಮದುವೆಯಾಗಿ ಹೊಸದುರ್ಗದ ಕಡೆ ಹೋದಳು. ಎರಡನೆಯವಳಿಗೆ ಶಿವಮೊಗ್ಗದಲ್ಲಿ ನರ್ಸ್ ತರಬೇತಿ ಸಿಕ್ಕಿತು. ಜವರಮ್ಮ ಅವಳನ್ನು ಸಂತೋಷದಿಂದಲೇ ರೈಲು ಹತ್ತಿಸಿದರು. ಮೂರನೆಯವಳು ಯಗಟಿಯ ಹುಲಿಗೆಮ್ಮ. ಕುರಿ ಸಾಕುವ ಮನೆಯ ಹುಡುಗಿ, ಕುಳ್ಳಗೆ, ಮಾತು ಕಡಿಮೆ. ಅವಳನ್ನು ಆರಿಸಿದಾಗ ಬೇರೆ ತಂಡದವರು ನಕ್ಕಿದ್ದರು. ಅವಳು ಅಜ್ಜಂಪುರದ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಪಿಯುಸಿಗೆ ಸೇರಿದಳು. ಆಟಕ್ಕೂ ನಿಂತಳು.

ಒಂದೇ ವರ್ಷದಲ್ಲಿ ನಗುವವರು ಯಾರೂ ಉಳಿಯಲಿಲ್ಲ. ಹುಲಿಗೆಮ್ಮ ತಾನು ಹೆಚ್ಚು ಪಾಯಿಂಟು ಹೊಡೆಯುತ್ತಿರಲಿಲ್ಲ. ಆದರೆ ಯಾರು ಎಲ್ಲಿಗೆ ಓಡುತ್ತಾರೆ ಎಂಬುದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ಕುರಿಮಂದೆಯನ್ನು ಹೊಲಕ್ಕೆ ನುಗ್ಗದಂತೆ ತಿರುಗಿಸಿ ಬೆಳೆದ ಕಣ್ಣು ಅದು. ಅವಳು ಎಸೆದ ಬಾಲು ಸರಿಯಾಗಿ ಬೇಕಾದವಳ ಕೈಗೇ ಬಂದು ಕೂರುತ್ತಿತ್ತು. ಆ ವರ್ಷ ಅಜ್ಜಂಪುರ ಎರಡನೆಯ ಸ್ಥಾನಕ್ಕೆ ಬಂತು. ಹಿರಿಯ ಆಟಗಾರ್ತಿಯರು ಬಿಟ್ಟುಹೋಗಿದ್ದ ಬೀರೂರು ಕೊನೆಯ ಸ್ಥಾನಕ್ಕೆ ಬಿತ್ತು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಬೀರೂರಿನ ತಂಡದ ಸುಲೋಚನಮ್ಮ ಅಜ್ಜಂಪುರಕ್ಕೆ ಬಂದರು. ಅವರೂ ಟೀಚರೇ, ಜವರಮ್ಮನಿಗೆ ಒಳ್ಳೆಯ ಸ್ನೇಹಿತೆ. ಕಾಫಿ ಕುಡಿದು ಲೋಟ ಕೆಳಗಿಟ್ಟು ನೇರವಾಗಿ ವಿಷಯಕ್ಕೆ ಬಂದರು.

“ಜವರಮ್ಮ, ಹುಲಿಗೆಮ್ಮನ್ನ ನಮಗೆ ಕೊಡಿ. ಈ ವರ್ಷದ ನಮ್ಮ ಮೊದಲ ಆಯ್ಕೆ ನಿಮಗೇ. ಮುಂದಿನ ವರ್ಷದ ನಮ್ಮ ಸರದಿಯೂ ನಿಮಗೇ.”

ಅದು ಸಣ್ಣ ಮಾತಲ್ಲ. ಆ ವರ್ಷ ಸರದಿಗೆ ಬರುವವರಲ್ಲಿ ತರೀಕೆರೆ ಹತ್ತಿರದ ಹಳ್ಳಿಯ ಯಲ್ಲಮ್ಮ ಎಂಬ ಹುಡುಗಿಯಿದ್ದಳು. ಶಾಲಾ ಕ್ರೀಡಾಕೂಟದಲ್ಲಿ ಅವಳು ಎತ್ತರ ಜಿಗಿತ ಜಿಗಿದದ್ದನ್ನು ಕಂಡವರೆಲ್ಲ ಅದೇ ಮಾತಾಡುತ್ತಿದ್ದರು. ಜವರಮ್ಮನಷ್ಟೇ ಎತ್ತರ, ಇನ್ನೂ ಹದಿನಾರು.

ಅಜ್ಜಂಪುರದ ಕ್ರೀಡಾ ಸಂಘಕ್ಕೆ ಚನ್ನಬಸಪ್ಪ ಎಂಬ ಕೊಬ್ಬರಿ ವ್ಯಾಪಾರಿ ಅಧ್ಯಕ್ಷರು. ಸುದ್ದಿ ಕೇಳಿ ಅವರು ಹಿಗ್ಗಿಹೋದರು.

“ಒಂದು ಕೊಟ್ಟು ಎರಡು ತಗೊಳ್ಳೋದು ಕಣ್ರೀ ಟೀಚರಮ್ಮ! ಇದ್ರಾಗೆ ಯೋಚ್ನೆ ಮಾಡಾಕೆ ಏನೈತೆ?”

“ಎರಡು ಎಲ್ಲಿಂದ ಬಂತು ಚನ್ನಬಸಪ್ನೋರೆ? ಯಲ್ಲಮ್ಮ ಅಂತ ಒಬ್ಳವ್ಳೆ, ಸರಿ. ಮುಂದಿನ ವರ್ಷದೋಳು ಯಾರು? ಹೆಸ್ರು ಹೇಳಿ ನೋಡಾನ.”

“ಯಾರೋ ಒಬ್ಳು ಬತ್ತಾಳೆ.”

“ಬತ್ತಾಳೆ. ಬಂದೋಳು ನಿಲ್ತಾಳಾ? ಮೊದ್ಲು ಆರಿಸ್ಕೊಂಡ ಇಬ್ರಲ್ಲಿ ಒಬ್ಬಳಾದ್ರೂ ನಿಂತ್ಲಾ?”

ಚನ್ನಬಸಪ್ಪ ಸುಮ್ಮನಾಗಲಿಲ್ಲ. “ಹುಲಿಗೆಮ್ಮ ಇನ್ನೆಷ್ಟು ಬೆಳೀತಾಳೆ? ಅವಳ ಆಟ ಇಷ್ಟೇ. ಆ ಹುಡ್ಗಿ ನೋಡಿ, ಕೈಯೆತ್ತಿದ್ರೆ ರಿಂಗು ಸಿಗ್ತದೆ!”

ಈ ಮಾತು ಜವರಮ್ಮನಿಗೂ ನಾಟಿತು. ತಮ್ಮ ತಂಡದಲ್ಲಿ ಎತ್ತರದವರು ಯಾರೂ ಇಲ್ಲವೆಂಬುದು ಅವರಿಗೂ ಗೊತ್ತಿತ್ತು. ತಮ್ಮಂತೆಯೇ ಉದ್ದಗೆ ಬೆಳೆದ ಒಬ್ಬ ಹುಡುಗಿಗೆ ತಮಗೆ ತಿಳಿದದ್ದನ್ನೆಲ್ಲ ಕಲಿಸಬೇಕೆಂಬ ಆಸೆ ಬಹಳ ದಿನದ್ದು. ಕೇಳಿದ ಮಾತಿನ ಮೇಲೆ ತೀರ್ಮಾನ ಮಾಡುವುದು ಬೇಡವೆಂದು ಮಾರನೆಯ ದಿನವೇ ತರೀಕೆರೆ ಬಸ್ಸು ಹತ್ತಿದರು.

ಯಲ್ಲಮ್ಮನ ಮನೆಯವರು ಆಲೆಮನೆಯಲ್ಲಿ ಕೆಲಸಕ್ಕಿದ್ದರು. ಜವರಮ್ಮ ಹೋದಾಗ ಹುಡುಗಿ ಪಕ್ಕದ ಗದ್ದೆಯಲ್ಲಿ ಕಬ್ಬಿನ ಹೊರೆಗಳನ್ನು ಗಾಡಿಯ ಮೇಲೆ ನಿಂತವನಿಗೆ ಎಸೆಯುತ್ತಿದ್ದಳು. ನೆಲದ ಮೇಲೆ ಪಾದ ಊರಿ, ಸೊಂಟ ತಿರುಗಿಸಿ, ತೋಳು ಪೂರ್ತಿ ಚಾಚಿ ಎಸೆಯುವ ಆ ಲಯವನ್ನು ಕಂಡು ಜವರಮ್ಮನಿಗೆ ಮೈ ಜುಮ್ಮೆಂದಿತು. ಊರವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ.

ತಾಯಿ ದ್ಯಾಮಮ್ಮ ಒಂದು ಚೊಂಬು ಕಬ್ಬಿನ ಹಾಲು ಕೊಟ್ಟು ಎದುರಿಗೆ ಕೂತಳು.

“ಆಟಕ್ಕೆ ಒಪ್ಪಿದ್ದೇನೋ ನಿಜ ಟೀಚರಮ್ಮ. ಆದ್ರೆ ಈಗ ಒಂದು ಸಂಬಂಧ ಬಂದೈತೆ. ಇಷ್ಟು ಉದ್ದ ಬೆಳ್ದೋಳ್ನ ಯಾರು ಮಾಡ್ಕೋತಾರೆ ಹೇಳಿ? ಒಪ್ಪಿದೋರ್ನ ಬಿಟ್ಬಿಟ್ರೆ ಆಮ್ಯಾಲೆ?”

ಜವರಮ್ಮ ಎದ್ದು ನಿಂತರು. “ನನ್ನ ನೋಡವ್ವ. ನಾನು ನಿನ್ನ ಮಗಳಷ್ಟೇ ಉದ್ದ. ನಮ್ಮವ್ವನೂ ಹಿಂಗೇ ಅತ್ತಿದ್ಲು. ನಮ್ಮ ಯಜಮಾನ್ರು ನನ್ನ ಭುಜಕ್ಕೆ ಬತ್ತಾರೆ. ಅಟ್ಟದ ಮೇಲಿಂದ ಏನಾದ್ರೂ ತೆಗೀಬೇಕಾದ್ರೆ ನನ್ನನ್ನೇ ಕರೀತಾರೆ. ಸುಖವಾಗಿದೀವಿ.”

ದ್ಯಾಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ನಗುವಿನ ಮೇಲೆ ಮಾತು ಸಲೀಸಾಯಿತು. ಓದು, ನೌಕರಿ, ಹೆಣ್ಣುಮಗಳು ತನ್ನ ಕಾಲ ಮೇಲೆ ನಿಲ್ಲುವುದು ಎಲ್ಲ ಬಂದು ಹೋದವು. ಕೊನೆಗೆ ದ್ಯಾಮಮ್ಮ ಕೇಳಿದಳು:

“ಎರಡು ವರ್ಷ ತಡೀತೀನಿ ಅನ್ಕಳಿ. ಇವಳ್ನ ನಿಮ್ಮೂರಿಗೇ ಕರ್ಕೊಂಡು ಹೋಗ್ತೀರಾ?”

“ಅದು ಇನ್ನೂ ಗೊತ್ತಿಲ್ಲವ್ವ. ಬೀರೂರಿಗೆ ಹೋದ್ರೂ ಹೋಗಬೌದು. ಅಲ್ಲಿರೋ ಸುಲೋಚನಮ್ಮನೋರೂ ನನ್ನಂಗೇ ನೋಡ್ಕೋತಾರೆ. ಎಲ್ಲಿಗಾದ್ರೂ ಸರಿ, ಕಳ್ಸು.”

ಊರಿಗೆ ಬಂದವರು ಹುಲಿಗೆಮ್ಮನನ್ನು ಕರೆದು ನಡೆದದ್ದನ್ನೆಲ್ಲ ಹೇಳಿದರು. ಹುಡುಗಿಯ ಮುಖ ಸಣ್ಣಗಾಯಿತು.

“ಬೀರೂರು ನಮ್ಮೂರಿಗೆ ಹತ್ರ ಟೀಚರ್. ಹೋಗು ಅಂದ್ರೆ ಹೋಗ್ತೀನಿ,” ಎಂದು ತಡೆದು, “ಆದ್ರೆ ನನ್ನ ಪಾಸು ತಗೊಳ್ಳೋದು ನಮ್ಮ ಹುಡುಗೀರು ಈಗಷ್ಟೇ ಕಲ್ತವ್ರೆ. ಇನ್ನೊಂದು ವರ್ಷ ಕೊಟ್ರೆ ಗೆಲ್ತೀವಿ ಅನ್ಸುತ್ತೆ,” ಎಂದಳು.

ಜವರಮ್ಮ ಕಾಯುತ್ತಿದ್ದದ್ದು ಈ ಮಾತಿಗೇ ಇರಬೇಕು. ಗಂಡನ ಮುಂದೆ ಅವರು ಲೆಕ್ಕವನ್ನು ಬಿಡಿಸಿಟ್ಟರು. ಯಲ್ಲಮ್ಮ ಒಬ್ಬಳು ಬಂದರೆ ಒಬ್ಬಳೇ ಬಂದಂತೆ. ಹುಲಿಗೆಮ್ಮ ಹೋದರೆ ಒಬ್ಬಳೇ ಹೋಗುವುದಿಲ್ಲ. ಅವಳ ಪಾಸನ್ನು ನಂಬಿ ಓಡಲು ಕಲಿತ ಉಳಿದ ನಾಲ್ವರ ಆಟವೂ ಅವಳ ಹಿಂದೆಯೇ ಹೋಗುತ್ತದೆ. ಮುಂದಿನ ವರ್ಷದ ಆಯ್ಕೆ ಎಂಬುದು ಇನ್ನೂ ಮುಖ ಕಾಣದ ಹುಡುಗಿ. ಹುಲಿಗೆಮ್ಮ ಏನು ಎಂಬುದನ್ನು ಅವರು ದಿನವೂ ಕಣ್ಣಾರೆ ನೋಡುತ್ತಿದ್ದಾರೆ.

“ನಾಳೆ ಆ ಉದ್ದನೆ ಹುಡುಗಿ ಬೀರೂರಲ್ಲಿ ಆಡಿ ನಮ್ಮನ್ನ ಸೋಲಿಸಿದ್ರೆ?” ಎಂದರು ರಂಗಪ್ಪ.

“ಸೋಲಿಸ್ತಾಳೆ. ನೋಡ್ಕೊಂಡು ಬಂದೆನಲ್ಲ.”

ಆಯ್ಕೆಯ ಸಭೆಯಲ್ಲಿ ಜವರಮ್ಮ ಎಲ್ಲರ ಮುಂದೆ, “ಹುಲಿಗೆಮ್ಮ ನಮ್ಮಲ್ಲೇ ಇರ್ತಾಳೆ” ಎಂದರು. ಸುಲೋಚನಮ್ಮ ನಿಟ್ಟುಸಿರು ಬಿಟ್ಟು ಯಲ್ಲಮ್ಮನ ಹೆಸರು ಹೇಳಿದರು. ಚನ್ನಬಸಪ್ಪ ಅಂದು ಊರಿಗೆ ಮರಳುವಾಗ ರೈಲಿನಲ್ಲಿ ಟೀಚರ್ ಜೊತೆ ಒಂದೇ ಡಬ್ಬಿಯಲ್ಲಿ ಕೂರಲಿಲ್ಲ.

ಆ ವರ್ಷದ ಕೊನೆಯ ಪಂದ್ಯ ಕಡೂರಿನಲ್ಲಿ ನಡೆಯಿತು. ಅಜ್ಜಂಪುರಕ್ಕೆ ಎದುರಾದದ್ದು ಬೀರೂರೇ. ದ್ಯಾಮಮ್ಮ ಮಾತಿಗೆ ತಪ್ಪದೆ ಮದುವೆಯನ್ನು ಮುಂದಕ್ಕೆ ಹಾಕಿದ್ದಳು, ಮಗಳು ಬೀರೂರಿಗೆ ಆಡಲು ಬಂದಿದ್ದಳು. ಅಂದು ಯಲ್ಲಮ್ಮನನ್ನು ತಡೆಯುವವರೇ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಹುಲಿಗೆಮ್ಮ ಕೊಟ್ಟ ಒಳ್ಳೆಯ ಬಾಲನ್ನು ಗೆಳತಿಯೊಬ್ಬಳು ರಿಂಗಿಗೆ ಎಸೆದಾಗ ಯಲ್ಲಮ್ಮ ನೆಗೆದು ಹೊಡೆದಟ್ಟಿದಳು. ಬೀರೂರು ಗೆದ್ದಿತು.

“ನೋಡಿದ್ರಾ? ಮನೆ ಬಾಗ್ಲಿಗೆ ಬಂದಿದ್ಲು ಇವ್ಳು!” ಎಂದು ಚನ್ನಬಸಪ್ಪ ನಾಲ್ಕು ಜನ ಕೇಳುವಂತೆ ಹೇಳಿದರು.

ಜವರಮ್ಮನಿಗೆ ಸಂಕಟವಾಗಲಿಲ್ಲವೆಂದಲ್ಲ. ಆದರೂ ಅವರು ಮೊದಲು ತಮ್ಮ ಹುಡುಗಿಯರ ಬೆನ್ನು ತಟ್ಟಿದರು, ಆಮೇಲೆ ಅಂಕಣ ದಾಟಿ ಹೋಗಿ ಯಲ್ಲಮ್ಮನ ಕೈ ಹಿಡಿದುಕೊಂಡರು. “ಚೆನ್ನಾಗಿ ಆಡ್ದೆ ಕಣವ್ವ. ನೆಗೆದು ಇಳಿಯೋವಾಗ ಎರಡೂ ಕಾಲ ಮೇಲೆ ಇಳಿ. ಮಂಡಿ ಉಳಿಸ್ಕೋಬೇಕು ನೀನು.”

ಸೋತ ಹುಡುಗಿಯರಲ್ಲಿ ಒಬ್ಬಳೂ ತಂಡ ಬಿಡಲಿಲ್ಲ. ಟೀಚರ್ ತಮ್ಮವಳನ್ನು ಯಾರಿಗೂ ಬಿಟ್ಟುಕೊಡಲಿಲ್ಲ ಎಂಬ ಸುದ್ದಿ ಮನೆಮನೆಗೂ ಹೋಗಿತ್ತು. ಹಿಂದೆ ಮಗಳನ್ನು ಕಳಿಸಲು ಹಿಂಜರಿಯುತ್ತಿದ್ದ ತಾಯಂದಿರೂ, “ಜವರಮ್ಮನ ಹತ್ರ ಅಲ್ವಾ, ಹೋಗ್ಲಿ ಬಿಡು” ಎನ್ನತೊಡಗಿದರು. ಹುಲಿಗೆಮ್ಮ ಹೇಳಿದ್ದು ಒಂದು ವರ್ಷ ತಡವಾದರೂ ಮರುವರ್ಷ ನಿಜವಾಯಿತು. ಅವಳ ಜೊತೆ ಎರಡು ವರ್ಷ ಓಡಿದ ಹುಡುಗಿಯರು ಈಗ ಕಣ್ಣು ಮುಚ್ಚಿದರೂ ಬಾಲು ಹಿಡಿಯುವಂತಾಗಿದ್ದರು. ತರೀಕೆರೆ, ಕಡೂರು, ಬೀರೂರು ಮೂರನ್ನೂ ಸೋಲಿಸಿ ಅಜ್ಜಂಪುರ ಮೊದಲ ಬಾರಿಗೆ ಕಪ್ಪು ಗೆದ್ದಿತು. ಚನ್ನಬಸಪ್ಪ ಆ ಕಪ್ಪನ್ನು ತಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸಿದರು. “ನಮ್ಮ ಟೀಚರಮ್ಮನ ಕಣ್ಣು ಅಂದ್ರೆ ಕಣ್ಣು,” ಎಂದು ತಾವೇ ಹೇಳುತ್ತಿದ್ದರು.

ಎಂಬತ್ತೆರಡರಲ್ಲಿ ಜಿಲ್ಲಾ ತಂಡದ ತರಬೇತಿ ಜವರಮ್ಮನ ಪಾಲಿಗೆ ಬಂತು. ಅಲ್ಲಿ ಹುಲಿಗೆಮ್ಮ, ಯಲ್ಲಮ್ಮ ಇಬ್ಬರೂ ಒಂದೇ ಬಣ್ಣದ ಬನಿಯನ್ ತೊಟ್ಟು ಇಳಿದರು. ಕುಳ್ಳಿ ಎಸೆದದ್ದನ್ನು ಉದ್ದನೆಯವಳು ಗಾಳಿಯಲ್ಲೇ ಹಿಡಿದು ರಿಂಗಿಗೆ ಹಾಕುವಾಗ ಚಿಕ್ಕಮಗಳೂರಿನ ಮೈದಾನದಲ್ಲಿ ಜನ ಎದ್ದು ನಿಂತರು. ಕೆಲಸದಿಂದ ನಿವೃತ್ತರಾಗಿದ್ದ ಗಿರಿಯಪ್ಪ ತಲೆಗೆ ಹೊಸ ವಸ್ತ್ರ ಸುತ್ತಿಕೊಂಡು ಬಂದಿದ್ದರು. ಪಕ್ಕದವನು, “ಆ ಸೀಟಿ ಹಾಕ್ಕೊಂಡಿರೋ ಮೇಡಮ್ಮು ಯಾರು?” ಎಂದು ಕೇಳಿದ್ದಕ್ಕೆ, “ನನ್ ಮಗ್ಳು,” ಎಂದರಂತೆ. ಅವನು ಕೇಳಿಸಲಿಲ್ಲವೆಂದಾಗ ಇನ್ನೂ ಗಟ್ಟಿಯಾಗಿ ಹೇಳಿದರಂತೆ.

ಹುಲಿಗೆಮ್ಮ ಮುಂದೆ ಕಡೂರಿನಲ್ಲಿ ಡ್ರಿಲ್ ಟೀಚರ್ ಆದಳು. ಯಲ್ಲಮ್ಮನಿಗೆ ಆಟದ ಮೇಲೆಯೇ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಮದುವೆಯೂ ಆಯಿತು, ಅವಳೇ ಒಪ್ಪಿದ ಗಂಡಿನ ಜೊತೆ.

ಎಂಬತ್ತಾರರ ಬೇಸಿಗೆಯಲ್ಲಿ ಆಯ್ಕೆಯ ಸಭೆಗೆಂದು ನಾಲ್ಕೂ ಊರಿನವರು ತರೀಕೆರೆಯಲ್ಲಿ ಸೇರಿದಾಗ ಹೈಸ್ಕೂಲಿನ ಜಗಲಿ ಸಾಲದಷ್ಟು ಹುಡುಗಿಯರು ಬಂದಿದ್ದರು. ಹಳ್ಳಿಹಳ್ಳಿಯಿಂದ ಬಸ್ಸಿನಲ್ಲಿ, ರೈಲಿನಲ್ಲಿ, ಒಬ್ಬಿಬ್ಬರು ಅಪ್ಪನ ಸೈಕಲ್ಲಿನ ಹಿಂದೆ ಕೂತು ಬಂದವರು. ಸರದಿಯಂತೆ ಆರಿಸಿದರೆ ಮುಕ್ಕಾಲು ಪಾಲು ಹುಡುಗಿಯರು ಮನೆಗೆ ಹಿಂದಿರುಗಬೇಕು. ಸುಲೋಚನಮ್ಮ ಜವರಮ್ಮನ ಮುಖ ನೋಡಿದರು.

“ಸರದಿ ಯಾಕೆ ಬೇಕು ಇನ್ಮೇಲೆ?” ಎಂದರು ಜವರಮ್ಮ. “ಒಂದೊಂದೂರಿಗೆ ಎರಡೆರಡು ತಂಡ ಮಾಡಾನ. ಬಂದೋರೆಲ್ಲ ಆಡ್ಲಿ.”

ಯಾರೂ ಬೇಡವೆನ್ನಲಿಲ್ಲ. ಆ ಮಳೆಗಾಲ ಮುಗಿದ ಮೇಲೆ ಅಜ್ಜಂಪುರದ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ರಿಂಗು ಖಾಲಿ ಸಿಗುವುದೇ ಕಷ್ಟವಾಯಿತು. ಜವರಮ್ಮ ತಮ್ಮ ಎರಡನೆಯ ತಂಡವನ್ನು ಕಟ್ಟಿಕೊಂಡು, ಮೊದಲನೆಯ ತಂಡದ ಆಟ ಮುಗಿಯಲೆಂದು ಬೇಲಿಯ ಪಕ್ಕದಲ್ಲಿ ನಗುತ್ತಾ ಕಾಯುತ್ತಿದ್ದರು.